ಒಂದು ಚಿತ್ರಕ್ಕೆ ಮೂವರು ವಾರಸುದಾರರು

ನಾನು ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ನನ್ನ ಸಂಬಳ ನಾನು ಒರೆಸುವ ಗಾಜಿನ ಹಾಗೆ: ಇದೆ, ಕಣ್ಣಿಗೆ ಕಾಣುವುದಿಲ್ಲ. ಆದರೂ ನಮ್ಮ ವಂಶದಲ್ಲಿ ಕಲೆಯ ಗಾಳಿ ಸೋಕಿದವರು ನಾವಿಬ್ಬರೇ, ನನ್ನ ಸೋದರಮಾವ ಮತ್ತು ನಾನು. ಮಾವ ಚಿತ್ರ ಬರೆಯುತ್ತಾರೆ, ನಾನು ಮೊಳೆ ಹೊಡೆಯುತ್ತೇನೆ.

ಅಂಗಡಿಗಳ ಬೋರ್ಡು ಬರೆದುಕೊಂಡಿದ್ದ ಮಾವನನ್ನು ಯುದ್ಧದ ಕಾಲದಲ್ಲಿ ಸೈನ್ಯದವರು ಮುಂಚೂಣಿಗೆ ಕರೆದೊಯ್ದರು, ಕಂಡದ್ದನ್ನೆಲ್ಲ ಬರೆಯಲಿ ಎಂದು. ಗುಂಡಿನ ಸದ್ದಾದರೆ ಅವರು ಮೊದಲು ಬಣ್ಣದ ಡಬ್ಬಿ ಮುಚ್ಚಿ, ಆಮೇಲೆ ತಲೆ ಬಗ್ಗಿಸುತ್ತಿದ್ದರಂತೆ. "ತಲೆಗೆ ಮಣ್ಣು ಬಿದ್ರೆ ತೊಳ್ಕೋಬಹುದು ಕಣೋ, ಹಳದಿಗೆ ಬಿದ್ರೆ ಹೋಯ್ತು" ಎನ್ನುತ್ತಾರೆ. ಅಲ್ಲಿ ಯಾರೂ ಕೂತ ಕಡೆ ಕೂರುವಂತಿರಲಿಲ್ಲ. ಒಬ್ಬನ ಮುಖ ಬರೆಯುವಷ್ಟರಲ್ಲಿ ಅವನಿಗೆ ಕರೆ ಬರುತ್ತಿತ್ತು. ಮಾವ ಕೈಗೆ ಇನ್ನೊಬ್ಬನನ್ನು, ಬೂಟಿಗೆ ಮತ್ತೊಬ್ಬನನ್ನು ಕೂರಿಸಿ, ಸಿಕ್ಕವರಿಂದ ಸಿಕ್ಕಷ್ಟು ತೆಗೆದುಕೊಂಡು ಹೇಗೋ ಒಬ್ಬ ಸೈನಿಕನನ್ನು ಮುಗಿಸುತ್ತಿದ್ದರು.

ಈಚೆಗೆ ಸೈನ್ಯದ ಮ್ಯೂಸಿಯಂನವರು ಒಂದು ಚಿತ್ರ ಆರಿಸಿದರು: ಮಗ್ಗು ಹಿಡಿದು ನಗುತ್ತ ಕೂತ ಸೈನಿಕ. ಇಷ್ಟು ವರ್ಷ ಅತ್ತೆಯ ಮಂಚದಡಿ ಧೂಳು ತಿಂದ ಮಾವನ ಕೆಲಸ ಮೊದಲ ಸಲ ಗೋಡೆ ಏರಲಿತ್ತು. ಷರತ್ತು ಒಂದೇ: ಚಿತ್ರದಲ್ಲಿರುವವನು ಬಂದು 'ಇದು ನಾನೇ' ಎನ್ನಬೇಕು. ಇಲ್ಲವಾದರೆ ಚಿತ್ರ ಮತ್ತೆ ಮಂಚದಡಿಗೆ.

ಮಾವ ಹಳೆಯ ಗೆಳೆಯರಿಗೆಲ್ಲ ಹೇಳಿಕಳಿಸಿದರು. ಮ್ಯೂಸಿಯಂ ಅಧಿಕಾರಿ ಬರುವ ದಿನ ಮಾವನ ಮನೆಗೆ ಬಂದವರು ಮೂವರು: ತುಕಡಿಯ ಅಡುಗೆಯವನು, ಟೆಲಿಫೋನಿನವನು, ಡ್ರೈವರ್.

"ಮುಖ ನಂದು. ಇಂಥ ಮೂಗು ಬೇರೆ ಯಾರಿಗಾದ್ರೂ ಇದ್ರೆ ತೋರ್ಸಿ" ಎಂದ ಅಡುಗೆಯವನು.

"ಮೂಗು ನೀನೇ ಇಟ್ಕೊಳಪ್ಪ, ಕೈ ನಂದು" ಎಂದ ಟೆಲಿಫೋನಿನವನು, ತನ್ನ ಮೊಂಡು ಹೆಬ್ಬೆರಳು ಎತ್ತಿ ತೋರಿಸುತ್ತ.

ಡ್ರೈವರ್ ಕನ್ನಡಕ ಏರಿಸಿ ಬಗ್ಗಿದ. "ಬೂಟು ನಂದೇ. ಲೇಸು ಹರಿದಿತ್ತು, ತಂತಿ ಕಟ್ಟಿದ್ದೆ. ಅದನ್ನೂ ಬಿಟ್ಟಿಲ್ಲ ಈ ಪುಣ್ಯಾತ್ಮ!"

ಮ್ಯೂಸಿಯಂ ಅಧಿಕಾರಿ ಮಾವನತ್ತ ತಿರುಗಿದರು. "ಏನ್ರೀ, ನೀವು ಬರ್ದಿರೋದು ಒಬ್ಬ ಸೈನಿಕನನ್ನೋ, ಇಡೀ ತುಕಡಿಯನ್ನೋ?"

ಮಾವನ ಕಿವಿ ಕೆಂಪಾಯಿತು. ಬುದ್ಧಿ ಬಳಸಲು ಇದೇ ಸಮಯವೆಂದು ನಾನು ಬಾಯಿ ಹಾಕಿದೆ: "ಮುಖ ಇದ್ದವರದೇ ಚಿತ್ರ ಅಂದ್ಬಿಡಿ ಸಾರ್."

"ನೀನು ಸುಮ್ನಿರೋ, ದೊಡ್ಡ ಲಾಯರು!" ಎಂದರು ಅತ್ತೆ.

ಅಡುಗೆಯವನು ಒಪ್ಪಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ತಲೆಯಾಡಿಸಿಬಿಟ್ಟ. "ಬೇಡ ಸಾರ್. ನನ್ನ ಕರೆದಾಗ ಇವನು ಬಂದು ಕೂತ, ಇವನನ್ನ ಕರೆದಾಗ ಅವನು. ಅಲ್ಲಿ ಎಲ್ಲಾ ಕೆಲಸನೂ ಹಾಗೇ ಸಾಗ್ತಿತ್ತು. ನನ್ನೊಬ್ಬನನ್ನೇ ತಗೊಂಡ್ರೆ ಕೈಕಾಲಿಲ್ದೆ ನೇತಾಡ್ಬೇಕಾಗುತ್ತೆ."

ಅಧಿಕಾರಿ ಗಂಭೀರವಾಗಿರಲು ನೋಡಿದರು. ಆಗಲಿಲ್ಲ. ಹೊಟ್ಟೆ ಹಿಡಿದು ನಕ್ಕು, ಸಹಿ ಹಾಕಿದರು.

ಈಗ ಚಿತ್ರ ಮ್ಯೂಸಿಯಂನ ದೊಡ್ಡ ಹಾಲ್‌ನಲ್ಲಿದೆ. ಕೆಳಗೆ ಹಿತ್ತಾಳೆ ಪಟ್ಟಿ: 'ಮೂವರು ಸೈನಿಕರು.' ನೋಡಲು ಬಂದವರು ಉಳಿದಿಬ್ಬರನ್ನು ಹುಡುಕುತ್ತಾರೆ. ಕೆಲವರು ಚೌಕಟ್ಟಿನ ಹಿಂದೆಯೂ ಇಣುಕುತ್ತಾರೆ. ಮಾವ ಮೂಲೆಯಲ್ಲಿ ನಿಂತು, ಸಂಬಂಧವೇ ಇಲ್ಲದವರಂತೆ ಚಾವಣಿ ನೋಡುತ್ತಾರೆ. ಬಿಡುವಿದ್ದಾಗಲೆಲ್ಲ ಅಲ್ಲಿಗೆ ಬರುವ ಡ್ರೈವರಿಗೆ ಮಾತ್ರ ತಡೆಯಲಾಗುವುದಿಲ್ಲ. ಕಾಲು ಮುಂದೆ ಚಾಚಿ, "ಒಬ್ಬ ಇಲ್ಲಿದ್ದಾನೆ ನೋಡಿ" ಎನ್ನುತ್ತಾನೆ.