ಹಗ್ಗ ಬಿಗಿದ ಕಂಪ್ಯೂಟರು

ಚಿನ್ನದ ಗಣಿಯ ಊರು ಮೈಸೂರು ಮೈನ್ಸಿನ ನಮ್ಮ ಮನೆಯಲ್ಲಿ ಬೀಳುವಂಥ ಯಾವ ವಸ್ತುವನ್ನೂ ಕಟ್ಟದೆ ಬಿಡುತ್ತಿರಲಿಲ್ಲ. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನಮ್ಮ ಗೋಡೆಗಳು ನಡುಗುತ್ತಿದ್ದವು. ಸುರಂಗಕ್ಕೆ ಮರದ ಆಸರೆ ಕೊಡುವ ಕೆಲಸದಲ್ಲಿದ್ದ ಅಪ್ಪ ಪಾತ್ರೆಯ ಸ್ಟ್ಯಾಂಡಿಗೂ ದೇವರ ಪಟಕ್ಕೂ ಹಗ್ಗ ಬಿಗಿದಿದ್ದರು.

ಟೈಪಿಂಗ್ ಕೆಲಸಕ್ಕೆಂದು ನಾನು ಬಂಗಾರಪೇಟೆಯಿಂದ ಹಳೆಯ ಕಂಪ್ಯೂಟರೊಂದನ್ನು ತಂದ ವಾರದಲ್ಲೇ ಅದರ ಫ್ಲಾಪಿ ಡ್ರೈವ್ ಕೈಕೊಟ್ಟಿತು. ದೀಪ ಹತ್ತುತ್ತಿತ್ತು, ಒಳಗೆ ಏನೂ ತಿರುಗುತ್ತಿರಲಿಲ್ಲ. ಬೇರೆ ಫ್ಲಾಪಿ ಹಾಕಿದೆ, ಡ್ರೈವಿನ ಬಾಯಿಗೆ ಊದಿದೆ, ಸ್ವಿಚ್ ಆರಿಸಿ ಮತ್ತೆ ಹಾಕಿದೆ. ಕೊನೆಗೆ ಸಿಟ್ಟು ನೆತ್ತಿಗೇರಿತು. ರೈಲಿನಲ್ಲಿ ಹೊತ್ತುಕೊಂಡು ಹೋಗಿ ಮಾರಿದವನ ಮುಂದೆ ಕುಕ್ಕಿ, ನಾಲ್ಕು ಮಾತು ಅಂದು ಬರಬೇಕೆಂದು ಎದ್ದೆ.

ಎತ್ತಲು ಹೋದರೆ ಪೆಟ್ಟಿಗೆ ಅಲುಗಲಿಲ್ಲ. ಹಿಂದಿನ ದಿನವೇ ಅಪ್ಪ ಅದನ್ನೂ ಮೇಜಿಗೆ ಬಿಗಿದಿದ್ದರು. ಎಲ್ಲೆಲ್ಲೂ ಹಗ್ಗವೇ ಇದ್ದ ನಮ್ಮ ಮನೆಯಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಗಂಟು ಬಿಚ್ಚಿದ್ದೇ ತಡ, ತಗ್ಗಿಹೋಗಿದ್ದ ಮೇಲಿನ ತಗಡು ಟಪ್ಪೆಂದು ಮೇಲೆದ್ದಿತು. ಡ್ರೈವನ್ನು ಅದೇ ಅದುಮಿ ಹಿಡಿದಿತ್ತು! ಮತ್ತೆ ಫ್ಲಾಪಿ ಹಾಕಿದೆ. ಕಿರ್ರ್ ಎಂದು ತಿರುಗಿತು. ಹೋದ ಜೀವ ಬಂದಂತಾಯಿತು.

"ಇನ್ಮೇಲೆ ಇದಕ್ಕೆ ಅಗ್ಗ ಕಟ್ಬೇಡ ಕಣಪ್ಪಾ," ಎಂದೆ.

"ಆಯ್ತು ಬಿಡಮ್ಮ," ಎಂದರು ಅಪ್ಪ.

ಮುಂದಿನ ಸಲ ನೆಲ ನಡುಗಿದಾಗ ನಾನೂ ಅಮ್ಮನೂ ಎಂದಿನಂತೆ ಅಂಗಳಕ್ಕೆ ಓಡಿದೆವು. ಅಪ್ಪ ಬರಲಿಲ್ಲ. ಗಾಬರಿಯಿಂದ ಬಾಗಿಲಲ್ಲಿ ಇಣುಕಿದೆ. ಕಂಪ್ಯೂಟರನ್ನು ಎರಡೂ ಕೈಯಿಂದ ಬಳಸಿಕೊಂಡು ನಿಂತಿದ್ದರು.

"ಬಿಗಿಯಾಗಿ ಇಡ್ಕೊಂಡಿಲ್ಲ ಕಣಮ್ಮ," ಎಂದರು. "ಸುಮ್ಕೆ ಕೈ ಮಡಗಿವ್ನಿ."