ಬರ್ನಿಸ್ ಸೊಬೊಟಾಳ ಮೂರನೆಯ ಪೆಡಲ್

ಕಿತ್ತಳೆ ಬಣ್ಣದ ಆ ಪ್ಲಿಮತ್ ಕಾರನ್ನು ಬರ್ನಿಸ್ ಸೊಬೊಟಾ 1970ರಲ್ಲಿ ಹೊಸದಾಗಿಯೇ ಕೊಂಡಿದ್ದಳು. ಆಗ ಅವಳು ಡೆಟ್ರಾಯಿಟ್‌ ಹತ್ತಿರ ಕಾರಿನ ಸೀಟುಗಳಿಗೆ ಹೊದಿಕೆ ಹೊಲಿಯುತ್ತಿದ್ದಳು. ಆಮೇಲೆ ನಿವೃತ್ತಿಯಾಗುವವರೆಗೂ ಶಾಲೆಯ ಬಸ್ಸು ಓಡಿಸಿದಳು. ಇಷ್ಟಾದರೂ ಹಳೆಯ ಕಾರುಗಳ ಮೇಳದಲ್ಲಿ ಬಾನೆಟ್ ಎತ್ತಿಟ್ಟು, ಮಡಚುವ ಕುರ್ಚಿ ಹಾಕಿಕೊಂಡು ಕೂತರೆ, ಬಂದವರೆಲ್ಲ ಎಂಜಿನ್ನಿನ ವಿಷಯ ಕೇಳುತ್ತಿದ್ದದ್ದು ಅವಳ ಗಂಡ ನಾರ್ಬರ್ಟ್‌ನನ್ನು. ನಾರ್ಬರ್ಟ್‌ಗೆ ಕ್ಲಚ್ ಒತ್ತಿ ಗೇರು ಬದಲಿಸುವುದೇ ಗೊತ್ತಿರಲಿಲ್ಲ. ಅವನು ಸಾಸೇಜ್ ಅಗಿಯುತ್ತ ಹೆಂಡತಿಯತ್ತ ಬೆರಳು ತೋರಿಸುತ್ತಿದ್ದ.

ಹಿಮ ಬಿದ್ದು, ಅದನ್ನು ಕರಗಿಸಲು ರಸ್ತೆಗೆ ಉಪ್ಪು ಸುರಿಯಲು ಶುರುಮಾಡಿದರೆ ಆ ಊರಿನಲ್ಲಿ ಇಂಥ ಕಾರುಗಳು ಹೊರಗೆ ಬರುವುದಿಲ್ಲ. ತಗಡು ತುಕ್ಕು ಹಿಡಿಯುತ್ತದೆ. ರಿಪೇರಿ ಕೆಲಸವೆಲ್ಲ ಆ ತಿಂಗಳುಗಳಲ್ಲೇ. ಒಂದು ಚಳಿಗಾಲ ಬರ್ನಿಸ್ ತನ್ನ ಕಾರನ್ನು ಮೆಕ್ಯಾನಿಕ್ ಡ್ವೇನ್‌ನ ಗ್ಯಾರೇಜಿಗೆ ಬಿಟ್ಟಳು. ಅವಳ ಬೇಡಿಕೆ ಎರಡೇ. ನಾಲ್ಕು ಗೇರಿನ ಹಳೆಯ ಪೆಟ್ಟಿಗೆ ತೆಗೆದು, ಅದರಂತೆಯೇ ಕ್ಲಚ್ ಇರುವ ಐದು ಗೇರಿನದನ್ನು ಕೂರಿಸಬೇಕು. ಹೆದ್ದಾರಿಯಲ್ಲಿ ಎಂಜಿನ್ ಕಿರುಚಾಡುವುದು ತಪ್ಪುತ್ತದೆ. ಎಂಜಿನ್ನಿನ ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್ ಸವೆದಿತ್ತು. ಅದರ ಜಾಗಕ್ಕೆ ಸೌಮ್ಯವಾದದ್ದೊಂದನ್ನು ಹಾಕಬೇಕು. ಇಷ್ಟು ಹೇಳಿ ಅವಳು ಮೊಣಕಾಲಿನ ಆಪರೇಷನ್ನಿಗೆ ಆಸ್ಪತ್ರೆ ಸೇರಿದಳು.

ವಸಂತದ ಮೊದಲ ಮಳೆ ರಸ್ತೆಯ ಉಪ್ಪನ್ನು ತೊಳೆದ ಮೇಲೆ ಗ್ಯಾರೇಜಿಗೆ ಹೋದಳು. ಡ್ವೇನ್ ನಗುತ್ತ ಬಾಗಿಲು ತೆರೆದ. ಅವಳ ತಮ್ಮ ಲೆಸ್ಟರ್ ಆಗಲೇ ಅಲ್ಲಿ ಕಾಫಿ ಕುಡಿಯುತ್ತಿದ್ದ. ಬರ್ನಿಸ್ ಸೀಟಿನಲ್ಲಿ ಕೂತು ಕೆಳಗೆ ನೋಡಿದಳು. ಇದ್ದದ್ದು ಎರಡೇ ಪೆಡಲ್.

"ನನ್ನ ಕ್ಲಚ್ ಎಲ್ಲಿ?"

"ಆಟೋಮ್ಯಾಟಿಕ್ ಹಾಕ್ಸಿದೀವಿ ಬರ್ನಿ," ಎಂದ ಲೆಸ್ಟರ್. "ಆಪರೇಷನ್ ಆದ ಕಾಲಲ್ಲಿ ಕ್ಲಚ್ ತುಳೀತಾ ಕೂತಿರ್ತೀಯಾ? ನಿಂಗೋಸ್ಕರಾನೇ ಮಾಡಿದ್ದು."

"ಯಾವ ಕಾಲಿಗೆ ಆಪರೇಷನ್ ಆಗಿದ್ದು?"

ಲೆಸ್ಟರ್ ಅವಳ ಪ್ಯಾಂಟನ್ನೇ ದಿಟ್ಟಿಸಿದ.

"ಆಸ್ಪತ್ರೆಗೆ ಬಂದಿದ್ದೆ ತಾನೇ? ಹಾಸಿಗೆ ಪಕ್ಕ ಕೂತು ನನ್ನ ಜೆಲ್ಲಿನೂ ನೀನೇ ತಿಂದೆ. ಯಾವ ಕಾಲು, ಹೇಳು."

"ಎಡಗಾಲು... ಇರ್ಬೇಕು."

"ಬಲಗಾಲು. ಕ್ಲಚ್ ತುಳಿಯೋ ಕಾಲು ಗಟ್ಟಿಮುಟ್ಟಾಗಿದೆ. ಬೇಕಾದ್ರೆ ಒಂದು ಒದ್ದು ತೋರಿಸ್ತೀನಿ."

ಡ್ವೇನ್ ಮಧ್ಯೆ ಬಾಯಿ ಹಾಕಿದ. "ಸ್ಟಾರ್ಟ್ ಮಾಡಿ ನೋಡು ಬರ್ನಿ. ಕ್ಯಾಮ್ ದೊಡ್ಡದೇ ಹಾಕಿದೀನಿ. ಶಬ್ದ ಕೇಳಿದ್ರೆ ನಿನ್ನ ಸಿಟ್ಟೆಲ್ಲ ಇಳಿದುಹೋಗುತ್ತೆ."

ಶಬ್ದವೇನೋ ಬಂತು. ನಿಂತಲ್ಲೇ ಕಾರು ಗಡಗಡ ನಡುಗಿತು. ಲೆಸ್ಟರ್ ಕಣ್ಣು ಮುಚ್ಚಿ ಸಂಗೀತ ಕೇಳುವವನಂತೆ ತಲೆದೂಗಿದ. ಬರ್ನಿಸ್ ಕಾರನ್ನು ಅಂಗಳಕ್ಕೆ ಇಳಿಸಿ, ಬೇಲಿಯ ಹತ್ತಿರ ಬ್ರೇಕ್ ತುಳಿದಳು. ಪೆಡಲ್ ಕಲ್ಲಿನಂತಿತ್ತು. ಇನ್ನೂ ಬಲವಾಗಿ ತುಳಿದಾಗ ಹೊಸ ಮೊಣಕಾಲಿನಿಂದ ಸೊಂಟದವರೆಗೆ ನೋವು ಚಳಕ್ಕೆಂದಿತು. ಎರಡೂ ಕಾಲು ಸೇರಿಸಿ ತುಳಿದ ಮೇಲೆ ಕಾರು ಬೇಲಿಗೆ ಮೂತಿ ತಾಗಿಸಿ ನಿಂತಿತು.

ಅವಳು ಇಳಿದು ಬಂದಳು. ದನಿ ಏರಿಸಲಿಲ್ಲ.

"ಎಂಜಿನ್ ಗಾಳಿ ಎಳೀತಿದ್ರೆ ತಾನೇ ಬ್ರೇಕ್ ಹಗುರಾಗೋದು? ಇಷ್ಟು ದೊಡ್ಡ ಕ್ಯಾಮ್ ಹಾಕಿದ್ರೆ ಆ ಎಳೆತ ಎಲ್ಲಿರುತ್ತೆ ಡ್ವೇನ್?"

"ಆ ಎಳೆತಕ್ಕೆ ಬೇರೆ ಪಂಪ್ ಸಿಗುತ್ತೆ," ಎಂದ ಡ್ವೇನ್ ನೆಲ ನೋಡುತ್ತ.

"ನೀವು ಮಾಡಿದ ತಪ್ಪಿಗೆ ಪಂಪ್ ಬೇರೆ ಹೊತ್ಕೊಂಡು ತಿರುಗಬೇಕಾ ನಾನು? ನೋಯೋ ಕಾಲಿನ ಕೆಲಸ ಹೆಚ್ಚು ಮಾಡಿದ್ರಿ. ನೋಯದೇ ಇರೋ ಕಾಲಿಗೆ ರಜ ಕೊಟ್ರಿ. ಒಂದು ಫೋನ್ ಮಾಡಿ ಕೇಳೋಕಾಗ್ಲಿಲ್ವಾ? ಇದೇ ಕಾರು ನಾರ್ಬರ್ಟ್‌ದಾಗಿದ್ರೆ ಕೇಳ್ತಿದ್ರೋ ಇಲ್ವೋ?"

ಕೇಳುತ್ತಿದ್ದರು ಎಂಬುದು ಇಬ್ಬರಿಗೂ ಗೊತ್ತಿತ್ತು. ನಾರ್ಬರ್ಟ್‌ಗೆ ಉತ್ತರ ಗೊತ್ತಿಲ್ಲದಿದ್ದರೂ ಕೇಳುತ್ತಿದ್ದರು.

"ಎಲ್ಲ ಬಿಚ್ಚು. ನಾನು ಹೇಳಿದ್ದನ್ನ ಹಾಕು."

"ಈಗ ಬಿಚ್ಚಿದ್ರೆ ಬೇಸಿಗೆ ಪೂರ್ತಿ ಹೋಗುತ್ತೆ ಬರ್ನಿ. ಐದು ಗೇರಿನದು ತರಿಸ್ಬೇಕು. ಆಗಸ್ಟಲ್ಲಿ ಹಳೇ ಕಾರುಗಳ ಮೆರವಣಿಗೆಗೆ ಸಿಗಲ್ಲ."

ಅವಳು ಕೊಂಡಾಗಿನಿಂದ ಆ ಕಾರಿಗೆ ತಪ್ಪಿದ ಬೇಸಿಗೆ ಒಂದೂ ಇರಲಿಲ್ಲ. ಇವರು ನಂಬಿದ್ದೂ ಅದನ್ನೇ: ಬೇಸಿಗೆ ಕಳೆದುಕೊಳ್ಳಲಾರದೆ ಹೊಂದಿಕೊಂಡು ಹೋಗುತ್ತಾಳೆ. ಬೇಲಿಗೆ ಮೂತಿ ಒತ್ತಿ ನಿಂತ ಕಾರಿನ ಕೀಲಿಯನ್ನು ಬರ್ನಿಸ್ ಡ್ವೇನ್‌ನ ಅಂಗೈಗೆ ಹಾಕಿದಳು.

"ಹೋಗ್ಲಿ," ಎಂದಳು. "ಬಿಚ್ಚು."

ಆ ಆಗಸ್ಟಿನಲ್ಲಿ ಅವಳು ರಸ್ತೆಯ ಅಂಚಿನಲ್ಲಿ ಕೂತು ಬೇರೆಯವರ ಕಾರುಗಳನ್ನು ನೋಡಿದಳು. ಯಾಕೆ ತಂದಿಲ್ಲ ಎಂದು ಕೇಳಿದವರಿಗೆಲ್ಲ ಕಾರಣವನ್ನು ಹೆಸರು ಸಮೇತ ಹೇಳಿದಳು. ಲೆಸ್ಟರ್ ಆ ವರ್ಷ ಮೆರವಣಿಗೆಯ ಕಡೆ ತಲೆ ಹಾಕಲಿಲ್ಲ.

ಅಕ್ಟೋಬರಿನಲ್ಲಿ, ಇನ್ನೇನು ಉಪ್ಪು ಬೀಳುತ್ತದೆ ಎನ್ನುವಾಗ, ಕಾರು ಕೈಗೆ ಬಂತು. ನಾರ್ಬರ್ಟ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಟೊಲೀಡೋ ಕಡೆಯ ಹೆದ್ದಾರಿ ಹಿಡಿದಳು. ಎಡಗಾಲಿನಿಂದ ಕ್ಲಚ್ ಒತ್ತಿ ಐದನೆಯ ಗೇರಿಗೆ ಹಾಕಿದಾಗ ಎಂಜಿನ್ನಿನ ದನಿ ಗುನುಗಿನಷ್ಟಕ್ಕೆ ಇಳಿಯಿತು. ಲೆಸ್ಟರ್ ಮತ್ತು ಡ್ವೇನ್ ಮಾಡಿದ್ದನ್ನು ಅವಳು ಮತ್ತೆ ಮೊದಲಿನಿಂದ ಹೇಳತೊಡಗಿದಳು. ಬ್ರೇಕಿನ ಭಾಗಕ್ಕೆ ಬಂದಾಗ ಪಕ್ಕಕ್ಕೆ ತಿರುಗಿ ನೋಡಿದಳು. ಮದುವೆಯಾದಾಗಿನಿಂದ ಆ ಕಾರಿನಲ್ಲಿ ಒಮ್ಮೆಯೂ ಕಣ್ಣು ಮುಚ್ಚಲಾಗದ ನಾರ್ಬರ್ಟ್ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದ.

ಅವಳು ಉಳಿದದ್ದನ್ನು ರಸ್ತೆಗೇ ಹೇಳಿ ಮುಗಿಸಿದಳು.