ಕಚ್ಚಿ ಕುಡಿದ ಬರ್ಬನ್

ಕೆನಡಾದ ಎರಿನ್ ಮಿಲ್ಸ್‌ನ ನಮ್ಮ ಮನೆಗೆ ಶನಿವಾರ ಸಂಜೆ ಸ್ನೇಹಿತರು ಬಂದರೆ ಗಂಡಸರು ಬಾಟಲಿ ಹಿಡಿದು ಬೇಸ್‌ಮೆಂಟಿಗೆ ಇಳಿಯುತ್ತಾರೆ, ಹೆಂಗಸರು ಮೇಲೆ ಅಡುಗೆಮನೆಯಲ್ಲಿ ಉಳಿಯುತ್ತೇವೆ. ಹಾಗೆಂದು ಯಾರೂ ಕಟ್ಟಳೆ ಮಾಡಿಲ್ಲ. ಕೆಳಗೆ ಕುಡಿದರೆ ನನ್ನ ಅತ್ತೆಯ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಬರ್ಬನ್ ಎಂಬ ಅಮೆರಿಕದ ವಿಸ್ಕಿ ನನಗೂ ಇಷ್ಟ. ಆಫೀಸಿನ ಪಾರ್ಟಿಯಲ್ಲಿ ಕೋಕ್ ಬೆರೆಸಿ ಸ್ಟ್ರಾದಲ್ಲಿ ಕುಡಿದು, ಮನೆಗೆ ಬರುವ ಬಸ್ಸಿನಲ್ಲಿ ಏಲಕ್ಕಿ ಜಗಿಯುತ್ತಿದ್ದೆ. ಮೆಡೋವೇಲ್‌ನ ಆಫೀಸಿನಲ್ಲಿ ಇಡೀ ಒಂದು ಟೀಮನ್ನು ನಡೆಸುವವಳು, ಐವತ್ತು ದಾಟಿದವಳು, ಏಲಕ್ಕಿ ಜಗಿಯುವುದೇ? ಒಂದು ದಿನ ನನ್ನ ಮೇಲೆ ನನಗೇ ರೇಗಿಹೋಯಿತು.

ಈಚೆಗೆ ಆಫೀಸಿನ ಕೆಲಸಕ್ಕೆ ಅಮೆರಿಕಕ್ಕೆ ಹೋದಾಗ ಒಂದು ಬಾಟಲಿ ಕೊಂಡೆ. ಬರ್ಬನ್ ಸಾಮಾನ್ಯವಾಗಿ ಅಲ್ಲಿನ ಬಿಳಿ ಓಕ್ ಪೀಪಾಯಿಯಲ್ಲೇ ಮಾಗುತ್ತದೆ. ಇದನ್ನು ಮಾತ್ರ ಕೊನೆಯಲ್ಲಿ ಮಿಝುನಾರಾ ಎಂಬ ಜಪಾನಿನ ಓಕ್ ಪೀಪಾಯಿಗೆ ಸುರಿದು ಇನ್ನಷ್ಟು ಕಾಲ ಇಟ್ಟಿದ್ದರು. ಆ ಮರ ಸೋರುತ್ತದಂತೆ, ಪೀಪಾಯಿ ಮಾಡುವವರ ಜೀವ ಹಿಂಡುತ್ತದಂತೆ. ಆದರೂ ಅದರ ಪರಿಮಳಕ್ಕಾಗಿ ಹಟ ಹಿಡಿದು ಮಾಡುತ್ತಾರೆ. ಈ ಬಾಟಲಿ ಬೇಸ್‌ಮೆಂಟಿಗೆ ಇಳಿಯಕೂಡದು, ಊಟದ ಮೇಜಿನಲ್ಲೇ, ಅತ್ತೆಯ ಎದುರಿಗೇ ಕುಡಿಯುತ್ತೇನೆ ಎಂದು ತೀರ್ಮಾನಿಸಿದೆ.

ಅತ್ತೆ ಪ್ರತಿ ವರ್ಷದಂತೆ ಬೇಸಿಗೆ ಕಳೆಯಲು ಮೈಸೂರಿನಿಂದ ಬಂದಿದ್ದರು. ನನ್ನ ಗಂಡನಿಗೆ ಹೇಳಿದರೆ ಅವರ ಮುಖ ಇಳಿದುಹೋಯಿತು.

"ಅಮ್ಮ ಊರಿಗೆ ಹೋಗೋವರೆಗೂ ತಡ್ಕೊಳೇ. ಇಲ್ಲಾಂದ್ರೆ ಸ್ಟೀಲ್ ಲೋಟಕ್ಕೆ ಹಾಕ್ಕೊಂಡು ಕಷಾಯ ಅನ್ನು."

"ಕಷಾಯ ಬೇಕಾದ್ರೆ ನೀವು ಕುಡೀರಿ."

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಬಾಟಲಿಯನ್ನೂ ಗಾಜಿನ ಲೋಟವನ್ನೂ ತಂದಿಟ್ಟೆ. ಕಾಲೇಜು ಓದುವ ಮಗಳೂ ಅಲ್ಲೇ ಇದ್ದಳು.

"ಅತ್ತೆ, ಇದು ವಿಸ್ಕಿ. ನಾನು ಕುಡಿಯೋಕೇಂತ ತಂದಿದ್ದು."

ಅತ್ತೆ ತಮ್ಮ ಮಜ್ಜಿಗೆ ಲೋಟವನ್ನು ಬಾಟಲಿಯಿಂದ ದೂರ ಸರಿಸಿದರು. ನನ್ನ ಗಂಡ ಉಪ್ಪಿನಕಾಯಿ ಬಾಟಲಿಯ ಲೇಬಲ್ ಓದತೊಡಗಿದರು. ನೀರಾಗಲಿ, ಮಜ್ಜಿಗೆಯಾಗಲಿ, ಕಾಫಿಯಾಗಲಿ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿದೇ ಬೆಳೆದವಳು ನಾನು. ಅಂದೂ ಲೋಟಕ್ಕೆ ಸುರಿದುಕೊಂಡದ್ದೇ ಕೈ ತಾನಾಗಿ ಮೇಲೆದ್ದಿತು. ಬರ್ಬನ್ ನೇರವಾಗಿ ಗಂಟಲಿಗೆ ಬಿದ್ದು ನೆತ್ತಿಗೆ ಹತ್ತಿತು. ಕಣ್ಣು, ಮೂಗುಗಳಲ್ಲೆಲ್ಲ ನೀರು.

"ಅಮ್ಮಾ, ಯು ಹ್ಯಾವ್ ಟು ಸ್ಮೆಲ್ ಇಟ್ ಫಸ್ಟ್!" ಎಂದು ಮಗಳು ಬಿದ್ದು ಬಿದ್ದು ನಕ್ಕಳು.

"ಸಾಕು ಬಿಡೇ," ಎಂದು ನನ್ನ ಗಂಡ ಮುಚ್ಚಳಕ್ಕೆ ಕೈ ಹಾಕಿದರು.

"ಮುಚ್ಚಬೇಡಿ," ಎಂದೆ.

ಮತ್ತೆ ಸುರಿದುಕೊಂಡೆ. ಈ ಸಲ ಲೋಟವನ್ನು ಮೂಗಿಗೆ ಹಿಡಿದೆ. ಮೊದಲು ಬೆಲ್ಲದ ಪಾಕ. ಅದರ ಹಿಂದೆಯೇ ಬಹಳ ದಿನ ಮುಚ್ಚಿಟ್ಟ ದೇವರ ಮನೆಯ ಬಾಗಿಲು ತೆರೆದಾಗ ಬರುವಂಥ ಧೂಪದ, ಹಳೆಯ ಮರದ ವಾಸನೆ. ಲೋಟದ ಅಂಚಿಗೆ ತುಟಿ ಇಟ್ಟು ಕುಡಿದೆ. ನಾಲಿಗೆಯ ಮೇಲೆ ಕೊಬ್ಬರಿಯ ರುಚಿ ನಿಂತಿತು. ಇಷ್ಟು ವರ್ಷ ಕಾಫಿಯಲ್ಲೂ ಏನೇನು ಕಳೆದುಕೊಂಡೆನೋ ಅನ್ನಿಸಿ ಹೊಟ್ಟೆ ಉರಿಯಿತು.

"ಕಚ್ಚಿ ಕುಡೀತಿದೀಯಲ್ಲೇ!" ಅತ್ತೆಯ ಬಾಯಿ ಆಗ ತೆರೆಯಿತು. ಹೆಂಡವನ್ನು ಹೇಗೋ ಸಹಿಸಿದ್ದರು, ಸೊಸೆಯ ತುಟಿ ಲೋಟಕ್ಕೆ ತಾಗಿದ್ದನ್ನು ಸಹಿಸಲಾಗಲಿಲ್ಲ.

"ಹೌದತ್ತೆ. ಎತ್ತಿ ಕುಡಿದ್ರೆ ಇದರ ವಾಸನೆ ಸಿಗಲ್ಲ."

ಭಯವಾಗಿತ್ತು. ಆದರೂ ಲೋಟ ಕೆಳಗಿಡಲಿಲ್ಲ. ನಿಧಾನವಾಗಿ ಪೂರ್ತಿ ಮುಗಿಸಿದೆ.

ಅತ್ತೆ ಎದ್ದರು. "ಆ ಎಂಜಲು ಲೋಟ ನಮ್ಮ ಪಾತ್ರೆ ಜೊತೆ ಸೇರಿಸ್ಬೇಡ. ಬೇರೆ ಇಡು," ಎಂದು ಕೋಣೆಗೆ ಹೋದರು. ಆ ಮಾತು ನನಗೆ ಚುಚ್ಚಿತು.

"ಕೊಡು, ಬೇಸ್‌ಮೆಂಟಲ್ಲಿ ಇಟ್ಬಿಡ್ತೀನಿ," ಎಂದು ನನ್ನ ಗಂಡ ಕೈ ಚಾಚಿದರು. ಕೊಡಲಿಲ್ಲ. ತೊಳೆದು ಒರೆಸಿ, ಅಡುಗೆಮನೆಯ ತೆರೆದ ಶೆಲ್ಫಿನಲ್ಲಿ ಎಲ್ಲರಿಗೂ ಕಾಣುವಂತೆ ಅದೊಂದನ್ನೇ ಇಟ್ಟೆ.

ಮುಂದಿನ ಶನಿವಾರ ಗಂಡಸರು ಎಂದಿನಂತೆ ಕೆಳಗಿಳಿದರು. ಅತ್ತೆ ಮೇಜಿನ ಬಳಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ನಾನು ಲೋಟ ತೆಗೆದು ಸುರಿದುಕೊಂಡೆ. ಗೆಳತಿಯೊಬ್ಬಳು ಪಕ್ಕಕ್ಕೆ ಬಂದು ಕಿವಿಯಲ್ಲಿ, "ಇನ್ನೊಂದು ಲೋಟ ಇದ್ಯೇನೇ?" ಎಂದಳು.

"ಜೋರಾಗೇ ಕೇಳು," ಎಂದು ಇನ್ನೊಂದನ್ನು ತೆಗೆದೆ.